ಮೈಕ್ ಆಫ್ ಮಾಡಿ, ಆಮೇಲೆ ಹೇಳಿ

"ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು. ನಾನು…" ಅಂದ ಅವನು.

"ಕಾಫಿ ತಾನೇ? ಇರಿ, ತರಿಸ್ತೀನಿ" ಅಂದೆ ನಾನು.

ಕಾಫಿ ಬಂತು. ಕುಡಿದ. ಲೋಟದ ಅಂಚಿನ ಮೇಲಿಂದ ಒಂದು ಸಲ ನನ್ನ ಕಡೆ ನೋಡಿದ. ಆ ಕಣ್ಣಲ್ಲಿ ನಗು ಇತ್ತೋ ಬೇಜಾರು ಇತ್ತೋ, ಕೇಳೋ ಧೈರ್ಯ ನನಗಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೆಲಸಕ್ಕೆ ಕೂತ.

ಮನಸ್ಸಿನಲ್ಲಿ ಅವನು, ಬಾಯಲ್ಲಿ ಅವರು. ಎರಡು ವರ್ಷದಿಂದ ಹೀಗೇ. ಪರದೇಶದ ಸೀರಿಯಲ್‌ಗಳಿಗೆ ನಮ್ಮ ಭಾಷೆಯಲ್ಲಿ ಮಾತು ಕೂಡಿಸೋ ಸ್ಟುಡಿಯೋ ನಮ್ಮದು. ಅವನು ಸೌಂಡ್ ಇಂಜಿನಿಯರ್, ನಾನು ಡಬ್ಬಿಂಗ್ ಡೈರೆಕ್ಟರ್. ಗಾಜಿನ ಆಚೆ ಬೂತಿನಲ್ಲಿ ಕಲಾವಿದರು ಮೈಕ್ ಮುಂದೆ ನಿಲ್ತಾರೆ, ಈಚೆ ನಾವಿಬ್ಬರು. ತೆರೆ ಮೇಲೆ ಯಾರ ತುಟಿ ಅಲ್ಲಾಡಿದರೂ ಸರಿಯಾಗಿ ಅಷ್ಟೇ ಹೊತ್ತಿನ ಮಾತು ತುಂಬಬೇಕು. ಬಾಯಿ ತೆರೆದಿದೆ, ಮಾತಿಲ್ಲ ಅಂದರೆ ಅದು ನನ್ನ ತಪ್ಪು. ಅದಕ್ಕೇ ಇರಬೇಕು, ಯಾರು ಬಾಯಿ ತೆರೆದರೂ ನನ್ನ ನಾಲಿಗೆ ತುರಿಸುತ್ತೆ.

ಅವನೋ, ಮಾತಿನಲ್ಲಿ ಬಸವನಹುಳು! ಒಂದು ಮಾತು ಶುರು ಮಾಡಿ, ಮಧ್ಯೆ ನಿಂತು, ಕನ್ನಡಕ ತೆಗೆದು ಒರೆಸಿ, ಆಮೇಲೆ ಮುಂದಿನದು. ಕನ್ನಡಕ ಇಲ್ಲದ ಆ ಮುಖ ನೋಡಿದರೆ ನನಗೆ ಮುದ್ದೂ ಬರುತ್ತೆ, ಜೀವವೂ ಬಾಯಿಗೆ ಬರುತ್ತೆ. ಯಾಕೆಂದರೆ ದೂರದ ಊರಿನ ದೊಡ್ಡ ಸ್ಟುಡಿಯೋದವರು ಅವನನ್ನ ಕರೆದಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಶುಕ್ರವಾರದೊಳಗೆ ಉತ್ತರ ಕೊಡಬೇಕಂತೆ. ಅವನು ಹೇಳಬೇಕು ಅಂತಿರೋದು ಅದೇ, ಇನ್ನೇನು? ಅವನು ಹೊರಟುಬಿಟ್ಟರೆ ನನ್ನ ಗತಿ? ಹೇಳೋಕೇ ಬಿಡದಿದ್ದರೆ ಆಯ್ತಪ್ಪ.

ಅದೇ ವಾರ ಸ್ಟುಡಿಯೋ ಯಜಮಾನರು ಮಾತು-ನಡತೆ ತಿದ್ದೋ ಒಬ್ಬ ಕೋಚ್‌ನ ಕರೆಸಿದರು. ನಾನು ಉಸಿರಾಡೋಕೂ ಬಿಡಲ್ಲ ಅಂತ ಕಲಾವಿದರು ದೂರು ಕೊಟ್ಟಿದ್ದರಂತೆ. ಬಂದವರು ಬೊಕ್ಕತಲೆಯ, ಸಮಾಧಾನದ ಮನುಷ್ಯ. ಬೆಳಗ್ಗೆಯೆಲ್ಲ ಮೂಲೆಯಲ್ಲಿ ಕೂತು ನಮ್ಮ ಕೆಲಸ ನೋಡಿದರು. ಆಮೇಲೆ ನನ್ನನ್ನ ಹೊರಗೆ ಕರೆದರು.

"ಪ್ರತಿಯೊಬ್ಬರಲ್ಲೂ ಅವರಿಗೇ ಕಾಣದ ಒಂದು ಜಾಗ ಇರುತ್ತಮ್ಮ. ಊರಿಗೆಲ್ಲ ಕಾಣುತ್ತೆ, ನಮಗೆ ಮಾತ್ರ ಇಲ್ಲ. ನಿಮ್ಮ ವಿಷಯದಲ್ಲಿ ಅದು…"

"ಕೋಪ. ಗೊತ್ತು ಸರ್. ನಮ್ಮಮ್ಮನೂ ಅದೇ ಹೇಳ್ತಾರೆ."

"ಅಲ್ಲ. ನೀವು ಯಾರ ಮಾತನ್ನೂ…"

"ಲೆಕ್ಕಕ್ಕೆ ತಗೊಳಲ್ಲ ಅಂತೀರಾ? ಶುದ್ಧ ಸುಳ್ಳು!"

ಅವರು ಬೆರಳು ಮಡಚಿ ಎರಡು ಅಂತ ಎಣಿಸಿದರು. ನನ್ನ ಕಿವಿ ಬಿಸಿಯಾಯಿತು.

"ಮುಗಿಸೋಕೆ ಬಿಡಲ್ಲ" ಅಂದರು ನಗುತ್ತಾ. "ಎಲ್ಲರಿಗೂ ಹಾಗೆ ಮಾಡ್ತೀರಿ. ಆದರೆ ನಿಮ್ಮ ಪಕ್ಕ ಕೂರ್ತಾರಲ್ಲ, ಅವರಿಗೆ ಒಂದು ಕೈ ಜಾಸ್ತಿ. ಅವರು ಬಾಯಿ ತೆರೆದರೆ ಸಾಕು, ನಿಮ್ಮ ಭುಜ ಬಿಗಿಯಾಗುತ್ತೆ."

"ಅವರ ವಿಷಯ ಯಾಕೀಗ? ನಮ್ಮಿಬ್ಬರ ಮಧ್ಯೆ ಏನೂ ಇಲ್ಲ!"

"ಇದೆ ಅಂತ ನಾನಂದೆನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ.

"ಅಭ್ಯಾಸ ಬಿಡಿಸೋಕೆ ನಾನಿದ್ದೀನಿ. ಈ ಹೆದರಿಕೆ ಎಲ್ಲಿಂದ ಬಂತು ಅಂತ ನೋಡೋಕೆ ಥೆರಪಿಸ್ಟ್ ಬೇಕು" ಅಂತ ಒಂದು ನಂಬರ್ ಕೊಟ್ಟರು.

ನನಗೇನು ತಲೆ ಕೆಟ್ಟಿದೆಯಾ ಅಂತ ಅಕ್ಕನಿಗೆ ಫೋನ್ ಮಾಡಿ ಕೂಗಾಡಿದೆ. "ಕೆಟ್ಟಿಲ್ಲ ಕಣೇ" ಅಂದಳು ಅಕ್ಕ. "ಆದರೆ ಇಷ್ಟು ಹೊತ್ತಿನಲ್ಲಿ ನಾನು ಹಲೋ ಅಂದಿದ್ದು ಬಿಟ್ಟರೆ ಬೇರೇನೂ ಹೇಳೋಕೆ ಆಗಿಲ್ಲ, ನೋಡು." ಬಾಯಿ ಮುಚ್ಚಿಕೊಂಡು ಆ ನಂಬರಿಗೆ ಫೋನ್ ಮಾಡಿ ಹೋದೆ.

ಥೆರಪಿಸ್ಟ್ ನನ್ನಮ್ಮನ ವಯಸ್ಸಿನವರು. ನಾನು ಮಾತಾಡಿ ಮಾತಾಡಿ ದಣಿಯೋವರೆಗೂ ಕಾದರು. ಆಮೇಲೆ ಕೇಳಿದರು, "ಯಾರಾದರೂ 'ಒಂದು ಮಾತು ಹೇಳ್ಬೇಕು' ಅಂದಾಗ ನಿಮ್ಮ ಮೈಯಲ್ಲಿ ಎಲ್ಲಿ, ಏನಾಗುತ್ತೆ?"

"ಹೊಟ್ಟೆಯಲ್ಲಿ. ಲಿಫ್ಟ್ ದಿಢೀರಂತ ಕೆಳಗೆ ಇಳಿದ ಹಾಗೆ."

"ಹಾಗೆ ಮೊದಲ ಸಲ ಆಗಿದ್ದು ಯಾವಾಗ?"

ನೆನಪಿಲ್ಲ ಅನ್ನೋಕೆ ಹೊರಟೆ. ಅಷ್ಟರಲ್ಲಿ ನಮ್ಮ ಹಳೇ ಮನೆಯ ಊಟದ ಟೇಬಲ್ ಕಣ್ಣ ಮುಂದೆ ಬಂತು. ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿ, "ಪುಟ್ಟಿ, ನಿಂಗೊಂದು ಮಾತು ಹೇಳ್ಬೇಕು" ಅಂದಿದ್ದರು. ಅಮ್ಮ ಎದ್ದು ಒಳಗೆ ಹೋಗಿದ್ದಳು. ಅಪ್ಪ ಮನೆ ಬಿಟ್ಟು ಹೋಗ್ತಾರಂತೆ ಅಂತ ಅಕ್ಕ ಆಗಲೇ ಪಿಸುಗುಟ್ಟಿದ್ದಳು. ನಾನು ಬಿಡಲಿಲ್ಲ. ಸ್ಕೂಲು, ಟೀಚರು, ಯಾರದೋ ಕಳೆದುಹೋದ ಛತ್ರಿ, ಬಾಯಿಗೆ ಬಂದಿದ್ದೆಲ್ಲ ಹೇಳುತ್ತಾ ಹೋದೆ. ಅಪ್ಪ ನಕ್ಕು, ನನ್ನ ತಲೆ ಸವರಿ ಎದ್ದರು. ಬೆಳಗ್ಗೆ ನೋಡಿದರೆ ಬಾಗಿಲ ಹತ್ತಿರ ಅವರ ಚಪ್ಪಲಿ ಇರಲಿಲ್ಲ.

"ಮಾತು ತಡೆದರೆ ಮನುಷ್ಯ ನಿಲ್ತಾನೆ ಅಂದುಕೊಂಡಿರಿ" ಅಂದರು ಆಕೆ.

"ನಿಲ್ಲಲಿಲ್ಲವಲ್ಲ."

ಅಷ್ಟು ಹೇಳೋಷ್ಟರಲ್ಲಿ ಅಳು ಬಂತು. ಅತ್ತೆ. ಚೆನ್ನಾಗಿ ಅತ್ತೆ. ಸಿಟ್ಟೂ ಬಂತು, ಅಪ್ಪನ ಮೇಲೆ, ನನ್ನ ಮೇಲೆ. ಹೋಗೋದಂತೂ ಹೋದರು. ಅವರು ಏನು ಹೇಳಬೇಕು ಅಂತಿದ್ದರೋ, ಅದೂ ನನಗೆ ಸಿಗಲಿಲ್ಲ.

ಶುಕ್ರವಾರ ಬೆಳಗ್ಗೆಯಿಂದ ಕೆಲಸದ ಮೇಲೆ ಗಮನವೇ ಇಲ್ಲ. ತಪ್ಪಾದ ದೃಶ್ಯಕ್ಕೆ ತಪ್ಪಾದ ಡೈಲಾಗ್ ಓದಿಸಿದೆ. ಕಲಾವಿದರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು. ಅವನು ಕನ್ನಡಕ ತೆಗೆದ.

"ಮೇಡಂ, ಆವತ್ತು ಹೇಳ್ಬೇಕು ಅಂದಿದ್ದು…"

"ಈ ಏಸಿ ರಿಪೇರಿಗೆ ಹೇಳಿದ್ರಾ?" ಅಂದೇಬಿಟ್ಟೆ. ನಾಯಿ ಬಾಲ ಯಾವತ್ತಿದ್ದರೂ ಡೊಂಕೇ.

ಅವನು ತಲೆ ತಗ್ಗಿಸಿ ಕನ್ನಡಕ ಒರೆಸತೊಡಗಿದ. ಇನ್ನು ಹೇಳಲ್ಲ ಇವನು, ಇದೇ ಕೊನೆ ಅನ್ನಿಸಿತು ನನಗೆ. ಎದ್ದು ನಿಂತೆ.

"ನಾನು ಬೂತ್ ಒಳಗೆ ಹೋಗ್ತೀನಿ. ನನ್ನ ಮೈಕ್ ಆಫ್ ಮಾಡಿ, ಆಮೇಲೆ ಹೇಳಿ. ನಾನು ಏನೇ ಮಾಡಿದರೂ ಪೂರ್ತಿ ಹೇಳಿ."

"ಯಾಕೆ?"

"ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ."

ಅವನ ಒಂದು ಹುಬ್ಬು ಮೇಲೇರಿತು. ತುಟಿಯ ಒಂದು ತುದಿಯೂ.

ಬೂತಿನ ದಪ್ಪ ಬಾಗಿಲು ಮುಚ್ಚಿದರೆ ಒಳಗಿನದು ಹೊರಗಿಲ್ಲ, ಹೊರಗಿನದು ಒಳಗಿಲ್ಲ. ಅವನು ಬಟನ್ ಒತ್ತಿ ಮಾತಾಡಿದರೆ ಮಾತ್ರ ನನ್ನ ಹೆಡ್‌ಫೋನ್‌ಗೆ ಬರುತ್ತೆ. ಒತ್ತಿದ.

"ನಾನು ಆ ಕೆಲಸ ಒಪ್ಪಿಕೊಂಡೆ."

ನನ್ನೊಳಗಿನ ಆ ಲಿಫ್ಟ್ ಬಿತ್ತು. "ಹೋಗಿ! ಯಾರು ಬೇಡ ಅಂದೋರು? ಇಂಜಿನಿಯರ್‌ಗಳಿಗೇನು ಬರಗಾಲವಾ?" ಅಂತ ಕೂಗಿದೆ. ಇನ್ನೂ ಏನೇನೋ ಕೂಗಿದೆ. ಗಾಜಿನ ಆಚೆ ಅವನಿಗೆ ಕಂಡಿದ್ದು ನನ್ನ ಬಾಯಿ ಅಲ್ಲಾಡಿದ್ದಷ್ಟೇ. ಪುಣ್ಯಾತ್ಮ ಕಾದ. ನನ್ನ ಕೂಗಾಟ ಮುಗಿದ ಮೇಲೆ ಮತ್ತೆ ಬಟನ್ ಒತ್ತಿದ.

"ಇನ್ನೂ ಇದೆ. ನಾನು ಹೋಗೋದು ನಿಜ. ನಿಮ್ಮನ್ನ ಬಿಟ್ಟು ಹೋಗೋದಲ್ಲ. ನಿಮಗೆ ಎರಡೂ ಒಂದೇ ಅನ್ನಿಸಬಹುದು. ನನಗೆ ಅಲ್ಲ."

ನಿಲ್ಲಿಸಿದ. ಒಳಗೆ ನಾನು ಎರಡೂ ಕೈಯಲ್ಲಿ ಹೆಡ್‌ಫೋನನ್ನ ಕಿವಿಗೆ ಒತ್ತಿಕೊಂಡೆ.

"ಮಾತಲ್ಲಿ ನಿಧಾನ ಅಂತ ಪ್ರೀತಿಯಲ್ಲೂ ನಿಧಾನ ಅಂದುಕೋಬೇಡಿ. ಬಂದ ಹೊಸತರಲ್ಲೇ ನಿಮ್ಮನ್ನ ಇಷ್ಟಪಟ್ಟೆ. ಹೇಳೋಕೆ ಬಂದಾಗೆಲ್ಲ ಕಾಫಿ ಕುಡಿಸಿದ್ರಿ. ನನಗೆ ಕಾಫಿ ಸೇರೋದೇ ಇಲ್ಲ." ಉಸಿರು ತಗೊಂಡ. "ಅಲ್ಲಿಂದ ಪ್ರತಿ ಭಾನುವಾರ ಬರ್ತೀನಿ. ಮುಂದೆ ನೀವು ಅಲ್ಲಿಗೆ ಬರೋದೋ, ನಾನು ಇಲ್ಲಿಗೆ ಬರೋದೋ, ಕೂತು ಮಾತಾಡೋಣ. ನನ್ನನ್ನ ಮದುವೆ ಆಗ್ತೀರಾ? ಇಷ್ಟೇ. ಮುಗೀತು."

ನನ್ನ ಮೈಕಿನ ದೀಪ ಹತ್ತಿತು. ಅವನು ಕೈ ಕಟ್ಟಿಕೊಂಡು ಕೂತ.

ಊರವರ ಬಾಯಿಗೆಲ್ಲ ಮಾತು ತುಂಬೋಳಿಗೆ ಒಂದು ಮಾತೂ ಸಿಗಲಿಲ್ಲ. ಅವನು ನನ್ನ ಪರವಾಗಿ ಏನಾದರೂ ಅನ್ನಬಾರದೇ ಅನ್ನಿಸಿತು. ಅನ್ನಲಿಲ್ಲ.

"ನನಗೆ ಭಯ ಆಗುತ್ತೆ" ಅಂದೆ ಕೊನೆಗೆ. "ಒಂದು ಭಾನುವಾರ ನೀವು ಬರದೇ ಇದ್ದರೆ?"

ಅವನು ಎದ್ದು, ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಕನ್ನಡಕ ಆಚೆ ಮೇಜಿನ ಮೇಲೇ ಮರೆತು ಬಂದಿದ್ದ.

"ಹೇಳದೆ ಎಲ್ಲಿಗೂ ಹೋಗಲ್ಲ" ಅಂದ. "ಆದರೆ ಹೇಳೋಕೆ ನೀವು ಬಿಡಬೇಕು."

"ಹೂಂ" ಅಂದೆ.

"ಈ ಹೂಂ ಮದುವೆಗಾ, ಇಲ್ಲಾ…"

ನಾಲಿಗೆ ತುದಿಗೆ ಬಂದಿದ್ದನ್ನ ನುಂಗಿಕೊಂಡು, ಅವನ ಕೈ ಹಿಡಿದುಕೊಂಡು, ಕಾದೆ.

"…ಇಲ್ಲಾ ಬರೀ ಹೇಳೋಕೆ ಬಿಡೋದಕ್ಕಾ?" ಅಂತ ಪೂರ್ತಿ ಕೇಳಿದ ಅವನು.

"ಎರಡಕ್ಕೂ" ಅಂದೆ.