ಷೆರಿಫ್ ಹೆಸರಿಗೆ ವಾರಂಟು

ಏಪ್ರಿಲ್ ಒಂಬತ್ತು, ಮಂಗಳವಾರ ಬೆಳಿಗ್ಗೆ 8.20. ಇಂಡಿಯಾನಾದ ಹಾರ್ಲೋ ಕೌಂಟಿ ಷೆರಿಫ್ ಠಾಣೆಗೆ ಕ್ಲೀಟಸ್ ಸ್ಟೋಲ್ಟ್ಸ್ ದೂರು ಕೊಟ್ಟ. ಪೇಪರ್ ತರಲು ಗೇಟಿಗೆ ಹೋದ ಅವನ ಹೆಂಡತಿಗೆ ಯಾವುದೋ ವಾಹನ ಗುದ್ದಿ ನಿಲ್ಲದೆ ಹೋಗಿತ್ತು. ಸೊಂಟ ಮುರಿದಿತ್ತು.

ಷೆರಿಫ್ ವೆಂಡೆಲ್ ಕ್ರಿಸ್ಪ್ ಡೆಪ್ಯುಟಿ ನೋಲನ್ ಯೋಕಮ್‌ನನ್ನು ಕರೆದ.

"ಆ ರಸ್ತೇಲಿ ಇದ್ದಿದ್ದು ಲೆಸ್ಟರ್‌ನ ಗ್ರೇಡರ್ ಒಂದೇ. ಸಂಜೆಯೊಳಗೆ ಅವನನ್ನ ಒಳಗೆ ಹಾಕು."

ಲೆಸ್ಟರ್ ಬಾಗ್ಸ್ ಇಪ್ಪತ್ತಾರು ವರ್ಷದಿಂದ ಗ್ರೇಡರ್ ಯಂತ್ರ ಓಡಿಸಿ ಕೌಂಟಿಯ ಜಲ್ಲಿ ರಸ್ತೆಗಳನ್ನು ಸಮ ಮಾಡುವವನು.

"ಗುದ್ದಿದ್ಯಾ?" ನೋಲನ್ ಕೇಳಿದ.

"ನಡ್ಕೊಂಡು ಹೋಗೋರು ನನ್ನನ್ನ ಹಿಂದೆ ಹಾಕ್ತಾರೆ ಮಾರಾಯ, ಗುದ್ದೋದೆಲ್ಲಿ! ಏಳಕ್ಕೆ ಆ ರಸ್ತೆ ಮುಗಿಸಿ ಹೊರಟೆ. ಹೋಗಿ ನೋಡು. ನಾನು ಎಳೆದ ಜಲ್ಲಿ ಮೇಲೆ ಕೋಳಿ ನಡೆದ್ರೂ ಗೊತ್ತಾಗುತ್ತೆ."

10.30ಕ್ಕೆ ಕ್ಲೀಟಸ್‌ನ ಎದುರು ಮಹಜರು ನಡೆಯಿತು. ಗೇಟಿನ ಬಳಿ ಹೆಡ್‌ಲೈಟಿನ ಚೂರುಗಳು. ಗೇಟಿನಿಂದ ಮುಂದಕ್ಕೆ, ಗ್ರೇಡರ್ ಸಮ ಮಾಡಿದ ಜಲ್ಲಿಯ ಮೇಲೆ ಒಂದೇ ಪಿಕಪ್‌ನ ಟೈರ್ ಗುರುತು. ಅಂದರೆ ಲೆಸ್ಟರ್ ಹೋದ ಮೇಲೆ ಬಂದ ಗಾಡಿ. ಗುರುತು ಹಿಡಿದು ಒಂದೂವರೆ ಮೈಲಿ ಹೋದ ನೋಲನ್, ಷೆರಿಫ್‌ನ ತಂದೆ ಫರ್ಲಿ ಕ್ರಿಸ್ಪ್‌ನ ಕೊಟ್ಟಿಗೆಯ ಮುಂದೆ ನಿಂತ. ಟಾರ್ಪಾಲಿನ ಕೆಳಗೆ ಪಿಕಪ್. ಬಲಗಡೆಯ ಹೆಡ್‌ಲೈಟು ಒಡೆದಿತ್ತು.

"ಜಿಂಕೆ ಅಡ್ಡ ಬಂತು ಕಣಪ್ಪ," ಎಂದ ಎಂಬತ್ತೊಂದರ ಮುದುಕ. "ವೆಂಡೆಲ್ ಬಂದು ಹೊದಿಸಿ ಹೋದ."

"ಯಾವಾಗ ತಾತ?"

"ಎಂಟಕ್ಕೆ ಮುಂಚೆನೇ. ಇನ್ನೂ ತಿಂಡಿ ತಿಂದಿರ್ಲಿಲ್ಲ."

ದೂರು ಬಂದದ್ದು 8.20ಕ್ಕೆ. ನೋಲನ್ ಕಾರಿನಲ್ಲಿ ಕುಳಿತ, ಇಳಿದ, ಮತ್ತೆ ಕುಳಿತ. ಅವನಿಗೆ ಕೆಲಸ ಕೊಟ್ಟವನೇ ವೆಂಡೆಲ್. ಸುಮ್ಮನಿದ್ದರೆ ಸಂಜೆಗೆ ಲೆಸ್ಟರ್ ಜೈಲಿನಲ್ಲಿರುತ್ತಾನೆ.

ಒಂದು ಗಂಟೆಗೆ ಅವನು ಕಾಗದಗಳನ್ನು ಕೌಂಟಿಯ ಸರ್ಕಾರಿ ವಕೀಲರ ಮುಂದಿಟ್ಟ. 2.10ಕ್ಕೆ ಸಾಕ್ಷ್ಯ ಮುಚ್ಚಿಟ್ಟ ಆರೋಪದ ಮೇಲೆ ನ್ಯಾಯಾಧೀಶರು ವಾರಂಟಿಗೆ ಸಹಿ ಹಾಕಿದರು. ಷೆರಿಫ್‌ನನ್ನು ಅವನ ಡೆಪ್ಯುಟಿ ಹಿಡಿಯುವಂತಿಲ್ಲ. ಇಲ್ಲಿಯ ಕಾನೂನಿನಲ್ಲಿ ಆ ಕೆಲಸ ಕರೋನರ್‌ನದು, ಅಂದರೆ ಸಾವುಗಳ ವಿಚಾರಣೆಗೆಂದು ಜನ ಆರಿಸಿದ ಅಧಿಕಾರಿಯದು. ಹಾರ್ಲೋ ಕೌಂಟಿಯ ಕರೋನರ್, ಶವಸಂಸ್ಕಾರದ ಅಂಗಡಿಯ ಓಡೆಲ್ ಪ್ರೇದರ್ ಟೈ ಕಟ್ಟಿಕೊಂಡೇ ಬಂದ.

"ಹದಿನೆಂಟು ವರ್ಷದಲ್ಲಿ ಉಸಿರಾಡೋರನ್ನ ಕರ್ಕೊಂಡು ಹೋಗೋದು ಇದೇ ಮೊದಲು," ಎಂದ. "ನಿನ್ನ ಕಾರಲ್ಲೇ ಹೋಗೋಣ ನೋಲನ್. ನನ್ನದು ನೋಡಿದ್ರೆ ಊರೇ ಹೆದರುತ್ತೆ."

2.50. ವೆಂಡೆಲ್ ವಾರಂಟ್ ಓದಿ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟ.

"ಲೆಸ್ಟರ್‌ನ ಯಾಕೆ ಸಿಕ್ಕಿಸಿದೆ?" ಓಡೆಲ್ ಕೇಳಿದ.

"ಒಂಟಿ ಮನುಷ್ಯ. ಅಳೋರು ಯಾರೂ ಇಲ್ಲ ಅಂದ್ಕೊಂಡೆ."

ನೋಲನ್ ಕಿಟಕಿಯ ಕಡೆ ತಿರುಗಿದ.

ಹೇಳಿಕೆಯಲ್ಲಿ ವೆಂಡೆಲ್ ಎಲ್ಲವನ್ನೂ ಒಪ್ಪಿಕೊಂಡ. ಚಳಿಗಾಲದಲ್ಲೇ ತಂದೆಯ ಲೈಸೆನ್ಸ್ ಕಿತ್ತುಕೊಂಡಿದ್ದನಂತೆ, ಪಿಕಪ್‌ನ ಕೀಲಿ ಕೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಸಹಿ ಹಾಕುವ ಮುಂಚೆ ಪೆನ್ನು ಹಿಡಿದು ಕುಳಿತ.

"ಅಪ್ಪನಿಗೆ ಯಾರು ಹೇಳ್ತೀರಿ," ಎಂದ, "ಅದು ಜಿಂಕೆ ಅಲ್ಲ ಅಂತ?"