ಹದಿಮೂರಕ್ಕೆ ಕಾದವನು

ಆಗಸ್ಟ್ ಹನ್ನೊಂದು, ಮಧ್ಯಾಹ್ನ ಮೂರು ಗಂಟೆ. ವೇಣೂರಿನ ಸಬೀಹಾ ಮೂಡುಬಿದಿರೆ ಠಾಣೆಗೆ ದೂರು ತಂದಳು. ಡಯಾಲಿಸಿಸ್ ತಪ್ಪಿ ಅವಳ ತಂದೆ ಉಸ್ಮಾನ್ ಬೆಳಿಗ್ಗೆ ತೀರಿಕೊಂಡಿದ್ದರು. ಕಾನ್‌ಸ್ಟೆಬಲ್ ಹನೀಫಾ ಕುರ್ಚಿಯೊಂದನ್ನು ಫ್ಯಾನಿನ ಕೆಳಗೆ ಎಳೆದು ಹಾಕಿದ.

“ಯಾಕೆ ತಪ್ಪಿತು?” ಇನ್‌ಸ್ಪೆಕ್ಟರ್ ಕಾಂತಿ ಕೇಳಿದರು.

“ಏಳನೇ ತಾರೀಕಿಗೆ ಹೋದಾಗ ನಿಮ್ಮ ದಿನ ಮುಗಿದಿದೆ ಅಂದರಂತೆ ಮೇಡಂ. ನಿನ್ನೆ ಹೋದರೆ ಅಕ್ಟೋಬರ್ ಎಂಟಕ್ಕೆ ಬನ್ನಿ ಅಂದರಂತೆ. ಉಪ್ಪ ಬಸ್ಸು ಹತ್ತಿ ವಾಪಸ್ ಬಂದರು.”

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಮರಣೋತ್ತರ ಪರೀಕ್ಷೆಯ ವೈದ್ಯರೂ ಡಯಾಲಿಸಿಸ್ ತಪ್ಪಿದ್ದೇ ಕಾರಣವೆಂದರು.

ಮರುದಿನ ಡಯಾಲಿಸಿಸ್ ಕೇಂದ್ರದಲ್ಲಿ ಪಂಚನಾಮೆ. ನರ್ಸ್ ದೀಕ್ಷಿತಾ ಹೇಳಿದಳು: “ಐದನೇ ತಾರೀಕಿನಿಂದ ಹೊಸ ಸಾಫ್ಟ್‌ವೇರ್. ದಿನವನ್ನು ತಿಂಗಳು, ತಿಂಗಳನ್ನು ದಿನ ಅಂತ ಓದ್ತದೆ. ಆಗಸ್ಟ್ ಏಳು ಹಾಕಿದರೆ ಜುಲೈ ಎಂಟು, ಆಗಸ್ಟ್ ಹತ್ತು ಹಾಕಿದರೆ ಅಕ್ಟೋಬರ್ ಎಂಟು. ಮಾಡಿಕೊಟ್ಟ ಶೋಧನ್‌ಗೆ ಆರಕ್ಕೇ ಫೋನ್ ಮಾಡಿದ್ದೆ. ‘ನೋಡುವ’ ಅಂದ.”

“ಬೇರೆ ರೋಗಿಗಳು?”

“ಕೌಂಟರಿನಲ್ಲಿ ಜಗಳ ಮಾಡಿ ಒಳಗೆ ಬಂದರು. ಉಸ್ಮಾನ್ ಕಾಕ ಜಗಳ ಮಾಡುವವರಲ್ಲ. ಕಿಟಕಿಯ ಪಕ್ಕದ ಹಾಸಿಗೆ ಅವರದು; ಆಚೆ ಹಾಸಿಗೆಯವರ ಹೊದಿಕೆ ಸರಿ ಮಾಡಿಯೇ ತಾವು ಮಲಗುವವರು. ಅವರು ಬಂದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.” ಅವಳು ಮುಖ ತಿರುಗಿಸಿದಳು.

ಹನೀಫಾ ಪರದೆಯಲ್ಲಿ ಉಸ್ಮಾನರ ಹೆಸರು ಹುಡುಕಿದ. ‘ಕರೆದರೂ ಬರಲಿಲ್ಲ’ ಎಂದಿತ್ತು. ಪಕ್ಕದಲ್ಲಿ ಅಕ್ಟೋಬರ್ ಎಂಟು.

“ಮೇಡಂ, ಎರಡು ತಿಂಗಳ ನಂತರ ಬರಲಿಲ್ಲ ಅಂತ ಈಗಲೇ ಬರೆದಿದ್ದಾರಲ್ಲ!”

ಸಾವಿನ ಸುದ್ದಿ ತಿಳಿದ ಹನ್ನೊಂದರ ಸಂಜೆ, ಬಿ.ಸಿ.ರೋಡಿನ ಶೋಧನ್‌ನ ಅಂಗಡಿಯಿಂದಲೇ ಆ ಸಾಲು ಸೇರಿತ್ತೆಂದು ತಾಂತ್ರಿಕ ವರದಿ ಹೇಳಿತು. ತಪ್ಪು ರೋಗಿಯದೇ ಎಂದು ತೋರಿಸಲು ಆಗಸ್ಟ್ ಹತ್ತು ಎಂದು ಅವನು ತುಂಬಿದ್ದ. ಅವನದೇ ದೋಷ ಅವನ ಸುಳ್ಳನ್ನೂ ತಿರುಗಿಸಿತ್ತು.

ಹದಿಮೂರರಂದು ಬೆಳಿಗ್ಗೆ ಅವನ ಬಂಧನವಾಯಿತು. ಕಾಂತಿ ಕೇಳಿದ್ದು ಒಂದೇ.

“ಆರಕ್ಕೇ ಗೊತ್ತಿತ್ತು. ಸರಿ ಮಾಡಲಿಲ್ಲ ಯಾಕೆ?”

“ಕೇಂದ್ರ ನಿಲ್ಲಿಸಿ ಸರಿ ಮಾಡಬೇಕಿತ್ತು ಮೇಡಂ. ನಿಲ್ಲಿಸಿದರೆ ತಪ್ಪು ನನ್ನದು ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಪರೀಕ್ಷೆ ಮಾಡಿದ್ದೇನೆ ಅಂತ ಹೇಳಿಬಿಟ್ಟಿದ್ದೆ. ಹದಿಮೂರನೇ ತಿಂಗಳು ಇಲ್ಲವಲ್ಲ? ಹನ್ನೆರಡು ದಾಟಿದರೆ ತಾರೀಕು ತಾನಾಗಿ ಸರಿ ಬರ್ತದೆ. ಅಷ್ಟರ ತನಕ ಹೇಗಾದರೂ ಕಳೆಯಲಿ ಅಂತ ಕಾದೆ.”

ಹನೀಫಾ ಅವನ ಮುಂದೆ ನೀರಿನ ಲೋಟ ಇಟ್ಟ.

ಅದೇ ಹೊತ್ತಿಗೆ ಕೇಂದ್ರದಲ್ಲಿ ಆ ದಿನದ ಎಲ್ಲ ರೋಗಿಗಳ ಹೆಸರೂ ಪರದೆಯ ಮೇಲೆ ಸರಿಯಾಗಿ ಬಂದವು. ದೀಕ್ಷಿತಾ ಒಬ್ಬೊಬ್ಬರನ್ನೇ ಕರೆದಳು. ಕಿಟಕಿಯ ಪಕ್ಕದ ಹಾಸಿಗೆಗೆ ಯಾರೂ ಬರಲಿಲ್ಲ.