ಶನಿವಾರದೊಳಗೊಂದು ಜಾಕೆಟ್

"ಮುಟ್ಟಬೇಡಿ."

ಇಷ್ಬೆಲ್‌ಳ ಕೈ ಗಾಳಿಯಲ್ಲೇ ನಿಂತಿತು. ಜಾಕೆಟ್ಟಿನ ಬಲಭುಜ ಸರಿಪಡಿಸಲು ಹೋಗಿದ್ದಳು, ಅಷ್ಟೇ. ಕನ್ನಡಿಯಲ್ಲಿ ಆ ಗಂಡಸಿನ ಮುಖ ಬಿಳಿಚಿಕೊಂಡಿತ್ತು.

"ಬೇಜಾರ್ ಮಾಡ್ಕೋಬೇಡಿ," ಎಂದ ಅವನು, ತನ್ನ ದನಿಗೆ ತಾನೇ ನಾಚಿಕೊಂಡು. "ಅಭ್ಯಾಸ ಇಲ್ಲ... ಬೇರೆಯವರು ಅಳತೆ ತಗೊಳ್ಳೋದು."

ಓಬನ್ ಬಂದರಿನ ಎದುರಿಗಿರುವ ಸೋದರತ್ತೆಯ ಬಟ್ಟೆ ಅಂಗಡಿಯಲ್ಲಿ ಅವಳು ಹದಿನಾಲ್ಕು ವರ್ಷಗಳಿಂದ ಗಂಡಸರ ಭುಜ ಅಳೆಯುತ್ತಿದ್ದಳು. ಯಾರೂ ಹೀಗೆ ಹಿಂದೆ ಸರಿದಿರಲಿಲ್ಲ.

ಅವನ ಹೆಸರು ಮರ್ಡೋ. ಎದುರಿನ ಕೆರೆರಾ ದ್ವೀಪದವನು. ಸಣ್ಣ ದೋಣಿಯಲ್ಲಿ ಬೋನು ಇಳಿಸಿ ಏಡಿ ಹಿಡಿಯುವವನು. ಶನಿವಾರ ಅವನ ತಾಯಿಯ ಮದುವೆ. ಗಂಡ ತೀರಿಕೊಂಡು ಒಂಬತ್ತು ವರ್ಷದ ಮೇಲೆ ಆಕೆ ಮತ್ತೊಬ್ಬರ ಕೈ ಹಿಡಿಯುತ್ತಿದ್ದಳು. ಚರ್ಚಿನಲ್ಲಿ ಆಕೆಯನ್ನು ನಡೆಸಿಕೊಂಡು ಹೋಗಬೇಕಾದವನು ಮಗ. ಉಟ್ಟಿದ್ದ ಕಿಲ್ಟ್, ಮೊಣಕಾಲವರೆಗಿನ ಆ ನೆರಿಗೆಯುಡುಗೆ, ಅಪ್ಪನದು. ಅದರ ಜೊತೆಯ ಜಾಕೆಟ್ ಮಾತ್ರ ನುಸಿ ತಿಂದು ಹೋಗಿತ್ತು.

"ಹೊಸದಾಗಿ ಹೊಲಿಸೋಕೆ ಎಂಟು ವಾರ ಬೇಕು," ಎಂದಿದ್ದಳು ಇಷ್ಬೆಲ್.

"ಇವತ್ತು ಮಂಗಳವಾರ. ಅದಕ್ಕೇ ರೆಡಿಮೇಡ್ ಕೇಳ್ತಿರೋದು. ಮನೇಲಿ ಸೂಟಿಂದು ಒಂದಿದೆ. ಅದನ್ನೇ ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ?"

"ಎಲ್ಲರಿಗೂ. ಸೂಟಿನ ಜಾಕೆಟ್ ಉದ್ದ, ಅರ್ಧ ಕಿಲ್ಟ್ ಮುಚ್ಚಿಬಿಡತ್ತೆ. ಸ್ನಾನ ಮಾಡ್ತಿದ್ದೋರು ಟವೆಲ್ ಮೇಲೇ ಕೋಟು ಹಾಕ್ಕೊಂಡು ಓಡಿಬಂದ ಹಾಗಿರತ್ತೆ."

ಅವನು ನಕ್ಕ. ಆ ನಗುವಿಗೆ ಇಷ್ಬೆಲ್‌ಳ ಕೈಯ ಟೇಪು ಒಂದು ಗಳಿಗೆ ಅಳತೆ ಮರೆಯಿತು.

ಮೊದಲು ಬೆಳ್ಳಿ ಗುಂಡಿಯ ಕಪ್ಪು ಜಾಕೆಟ್ ತೊಡಲು ಕೊಟ್ಟಳು. ಅದು ಸಂಜೆಯ ಔತಣಕ್ಕೆ ಸರಿ. ಹಗಲಿನ ಮದುವೆಯಲ್ಲಿ ಹೋಟೆಲ್ ಮ್ಯಾನೇಜರ್ ಅಂದುಕೊಂಡು ಯಾರಾದರೂ ಕೋಣೆ ಕೇಳಿಬಿಟ್ಟಾರು. ಬೂದುಬಣ್ಣದ್ದು ಕಿಲ್ಟಿನ ಬಣ್ಣವನ್ನೇ ಮಂಕು ಮಾಡಿತು. ಕೊನೆಗೆ ಪಾಚಿಬಣ್ಣದ ಟ್ವೀಡ್ ಉಣ್ಣೆಯದು. ಕಿಲ್ಟಿನ ಚೌಕಳಿಯಲ್ಲಿದ್ದ ಒಂದು ತೆಳು ಗೆರೆಯ ಬಣ್ಣವೇ ಅದು! ಉದ್ದವೂ ಸರಿ, ಸೊಂಟದ ಮುಂದೆ ತೂಗುವ ಚರ್ಮದ ಚೀಲಕ್ಕಿಂತ ಸ್ವಲ್ಪ ಮೇಲಕ್ಕೇ ನಿಂತಿತು.

ಬಲಭುಜ ಒಂದೇ ಜಾರಿ ಬಿದ್ದಿತ್ತು. ಅದನ್ನೇ ಮುಟ್ಟಲು ಹೋಗಿದ್ದು ಅವಳು.

ಅವನು ಜಾಕೆಟ್ ಕಳಚಿ ಅವಳ ಕೈಗಿತ್ತು, ಬಟ್ಟೆ ಬದಲಿಸಲು ಪರದೆಯ ಹಿಂದೆ ಹೋದ. ಗಲ್ಲಾದ ಬಳಿಯಿಂದ ಪೆಗಿ ಅತ್ತೆ ಕೇಳಿದಳು, "ಹೇಗಿದೆಯೇ?"

"ಬಲಗಡೆ ಪೂರ್ತಿ ಕೆಟ್ಟಿದೆ ಅತ್ತೆ. ಎಷ್ಟು ಎಳೆದ್ರೂ ನೆಟ್ಟಗಾಗಲ್ಲ. ಹೀಗೇ ಕಳಿಸಿದ್ರೆ ನೋಡಿದೋರು ನಗ್ತಾರೆ."

ಪರದೆ ಸರಿಯಿತು. ಕಿಲ್ಟನ್ನು ಮಡಿಚಿ ಎದೆಗೊತ್ತಿಕೊಂಡಿದ್ದ ಮರ್ಡೋ ಅವಳತ್ತ ನೋಡಲಿಲ್ಲ.

"ಬೇಡ ಬಿಡಿ. ನಿಮಗೆ ಸುಮ್ನೆ ತೊಂದರೆ ಕೊಟ್ಟೆ."

ಬಾಗಿಲು ಮುಚ್ಚಿಕೊಂಡಿತು.

ಏನಾಯಿತು ಇವರಿಗೆ? ನಾನು ಮುಟ್ಟಲು ಹೋದದ್ದಕ್ಕಾ? ಆರು ವರ್ಷಗಳ ಹಿಂದೆ ನಿಶ್ಚಿತಾರ್ಥ ಮುರಿದುಕೊಂಡು ಹೋದವನು ಹೇಳಿದ್ದ, 'ನಿನ್ನ ಕಣ್ಣಿಗೆ ಬರೀ ಕೊರತೆ ಕಾಣತ್ತೆ ಇಷ್ಬೆಲ್. ನಿನ್ನ ಮುಂದೆ ನಿಂತ್ರೆ ಯಾರಿಗಾದ್ರೂ ತಾನು ತಪ್ಪಾಗಿ ಹುಟ್ಟಿದೀನಿ ಅನ್ಸತ್ತೆ.' ಆ ಮಾತು ಅವಳೊಳಗೆ ಇನ್ನೂ ಚುಚ್ಚುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಒಬ್ಬ ಹೆಂಗಸು ಬಂದು ಗಲ್ಲಾದ ಮೇಲೆ ಎರಡೂ ಕೈಯೂರಿ ನಿಂತಳು.

"ನಾನು ಮೊರಾಗ್. ಮರ್ಡೋನ ತಾಯಿ. ನಿನ್ನೆ ಅವನ ಅಳತೆ ತಗೊಂಡಿದ್ದು ನೀನೇನಮ್ಮಾ?"

"ಹೌದು..."

"ನನ್ನ ಜೊತೆ ನಡೆಯಲ್ಲ ಅಂತಿದಾನೆ. ಜರ್ಸಿ ಹಾಕ್ಕೊಂಡು ಹಿಂದಿನ ಬೆಂಚಲ್ಲಿ ಕೂರ್ತಾನಂತೆ. ಬಲಗಡೆ ಕೆಟ್ಟಿದೆ, ಜನ ನಗ್ತಾರೆ ಅಂದ್ಯಂತೆ?"

ಉಳಿದದ್ದನ್ನೂ ಮೊರಾಗ್ ಹೇಳಿದಳು.

ನಾಲ್ಕು ವರ್ಷದ ಹಿಂದೆ ಬೋನಿನ ಹಗ್ಗ ಮರ್ಡೋನ ತೋಳಿಗೆ ಸುತ್ತಿಕೊಂಡು ಅವನನ್ನು ನೀರಿಗೆಳೆದಿತ್ತು. ಜೀವ ಉಳಿಯಿತು. ಬಲಭುಜ ಮಾತ್ರ ಒಂದು ಅಂಗುಲ ಇಳಿದೇ ಕೂಡಿಕೊಂಡಿತು. ಅಂದಿನಿಂದ ಅವನು ದೊಗಳೆ ಜರ್ಸಿ ಬಿಟ್ಟು ಬೇರೇನೂ ತೊಟ್ಟವನಲ್ಲ.

"ನಾನು ಹೇಳಿದ್ದು ಜಾಕೆಟ್ ಬಗ್ಗೆ..." ಎಂದಳು ಇಷ್ಬೆಲ್.

ಮೊರಾಗ್ ಅವಳ ಮುಖವನ್ನೇ ನೋಡಿದಳು. ಆಕೆಯ ಸಿಟ್ಟು ಮೆಲ್ಲಗೆ ಇಳಿಯಿತು. "ಅದನ್ನ ನಂಗೆ ಹೇಳಿ ಏನು ಬಂತಮ್ಮಾ?"

ಅಂದೂ ಮರುದಿನವೂ ಇಷ್ಬೆಲ್ ಬೇರೆ ಕೆಲಸ ಮುಟ್ಟಲಿಲ್ಲ. ಪಾಚಿಬಣ್ಣದ ಜಾಕೆಟ್ಟಿನ ಅಸ್ತರು ಬಿಚ್ಚಿದಳು. ಬಲಭುಜದೊಳಗೆ ಒಂದರ ಮೇಲೊಂದು ಹತ್ತಿಯ ಪದರ ಇಟ್ಟು, ಕುತ್ತಿಗೆಯತ್ತ ತೆಳುವಾಗಿಸುತ್ತಾ ಕೈಯಲ್ಲೇ ಹೊಲಿದಳು. ಅಳತೆ ಬರೆದುಕೊಂಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಭುಜದ ಇಳಿಜಾರು ಅವಳ ಕಣ್ಣಲ್ಲೇ ಉಳಿದಿತ್ತು.

"ರೆಡಿಮೇಡ್ ಜಾಕೆಟ್ಟಿಗೆ ಇಷ್ಟು ಕೈಹೊಲಿಗೆ ಯಾರೇ ಹಾಕ್ತಾರೆ?" ಎಂದಳು ಪೆಗಿ ಅತ್ತೆ.

ಇಷ್ಬೆಲ್ ಸೂಜಿಗೆ ಹೊಸ ದಾರ ಪೋಣಿಸಿದಳು.

ಶುಕ್ರವಾರ ಬೆಳಿಗ್ಗೆ ಅವಳು ಜಾಕೆಟ್ ಹಿಡಿದು ದೋಣಿ ಹತ್ತಿ ಕೆರೆರಾಗೆ ಹೋದಳು. ಮರ್ಡೋ ಕಟ್ಟೆಯ ಮೇಲೆ ಕೂತು ಬೋನಿನ ಬಲೆ ಹೆಣೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಾನು ಅಂದಿದ್ದು ಜಾಕೆಟ್ಟಿಗೆ, ನಿಮಗಲ್ಲ," ಎಂದಳು. ದೋಣಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿದ್ದವು. "ಆದ್ರೂ ಪರದೆ ಹಿಂದೆ ನೀವಿದ್ರಿ. ನಾನು ಯೋಚನೆ ಮಾಡ್ಬೇಕಿತ್ತು."

ಅವನು ಕೈಯಲ್ಲಿದ್ದ ಬಲೆ ಕೆಳಗಿಟ್ಟ.

"ರೆಡಿಮೇಡ್ ಜಾಕೆಟ್‌ನೆಲ್ಲ ಎರಡೂ ಕಡೆ ಒಂದೇ ಸಮ ಇರೋ ಮನುಷ್ಯನಿಗೆ ಅಂತ ಹೊಲೀತಾರೆ. ಹದಿನಾಲ್ಕು ವರ್ಷ ಆಯ್ತು ಮರ್ಡೋ, ಆ ಮನುಷ್ಯ ನಮ್ಮ ಅಂಗಡಿಗೆ ಇನ್ನೂ ಬಂದಿಲ್ಲ."

ಅವನ ತುಟಿಯಂಚು ಅಲುಗಿತು. ಮತ್ತೆ ಗಂಭೀರನಾದ.

"ಭುಜ ಒಂದು ನೆಪ ಸಿಕ್ತು ಅಷ್ಟೇ," ಎಂದ ನಿಧಾನವಾಗಿ. "ಅಪ್ಪನ ಕಿಲ್ಟ್ ಉಟ್ಕೊಂಡು, ಅಮ್ಮನ್ನ ಇನ್ನೊಬ್ಬರ ಕೈಗೆ ಕೊಡೋದು... ಅವರು ಒಳ್ಳೆಯವರೇ. ಆದ್ರೂ ಎದೆ ಕಟ್ಟತ್ತೆ."

ಇಷ್ಬೆಲ್ ಹತ್ತಿರ ಬಂದಳು. "ನಿಮ್ಮಮ್ಮ ಕೊಡು ಅಂತ ಕೇಳಿಲ್ವಲ್ಲ. ಜೊತೇಲಿ ನಡಿ ಅಂತ ಕೇಳಿದ್ದು."

ಅವನು ಜಾಕೆಟ್ಟಿಗೆ ಕೈ ಚಾಚಿ, ಅದನ್ನು ತೊಟ್ಟುಕೊಂಡ.

"ಸರಿಯಾಗಿ ಕೂತಿದ್ಯಾ ಅಂತ ನೋಡ್ಲಾ?" ಎಂದಳು.

ಅವನು ತಲೆಯಾಡಿಸಿದ. ಅವಳ ಅಂಗೈ ಬಲಭುಜದ ಮೇಲೆ ಇಳಿಯಿತು. ಈ ಸಲ ಅವನು ಸರಿಯಲಿಲ್ಲ. ಕಣ್ಣು ಮುಚ್ಚಿ, ನಾಲ್ಕು ವರ್ಷದಿಂದ ಹಿಡಿದಿಟ್ಟಿದ್ದನ್ನು ಬಿಡುವಂತೆ ಉಸಿರು ಬಿಟ್ಟ.

"ನೋವಾಗತ್ತಾ?"

"ಇಲ್ಲ... ಕೈ ತೆಗೀಬೇಡಿ."

ಶನಿವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತ ಇಷ್ಬೆಲ್ ಎಲ್ಲವನ್ನೂ ನೋಡಿದಳು. ಮೊರಾಗ್ ಮಗನ ತೋಳು ಹಿಡಿದು ಬಂದಳು. ನಡುದಾರಿಯಲ್ಲಿ ಮರ್ಡೋನ ಹೆಜ್ಜೆ ತಡವರಿಸಿತು. ತಾಯಿ ಅವಸರ ಮಾಡಲಿಲ್ಲ, ಅವನಿಗಾಗಿ ನಿಂತಳು. ಕೆನ್ನೆ ಒರೆಸಿಕೊಂಡು ಅವನು ಮತ್ತೆ ನಡೆದ. ಯಾರೂ ನಗಲಿಲ್ಲ. ಇಷ್ಬೆಲ್‌ಗೆ ಜಾಕೆಟ್ಟಿನ ಭುಜ ನೋಡುವುದೇ ಮರೆತುಹೋಗಿತ್ತು.

ಊಟದ ನಂತರ ಸಭಾಂಗಣದೊಳಗೆ ಅಕಾರ್ಡಿಯನ್ ಶುರುವಾದಾಗ ಅವನು ಅವಳನ್ನು ಹುಡುಕಿಕೊಂಡು ಹೊರಗಿನ ಮೆಟ್ಟಿಲಿಗೆ ಬಂದ.

"ನಂಗೆ ಚೆನ್ನಾಗಿ ಮಾತಾಡೋಕೆ ಬರಲ್ಲ," ಎಂದ. "ನೀನು ನಂಗೆ ಇಷ್ಟ ಆಗಿದೀಯ. ಮೂರು ದಿನ ಸಿಟ್ಟು ಮಾಡ್ಕೊಂಡಿದ್ನಲ್ಲ, ಆಗ್ಲೂ ಇಷ್ಟ ಆಗ್ತಾನೇ ಇದ್ದೆ."

"ನಾನು ಕೊರತೆ ಹುಡುಕೋಳು ಅಂತಾರೆ..."

"ಹುಡುಕಿ ಬಿಟ್ಟುಹೋಗಲ್ವಲ್ಲ ನೀನು. ಕೂತು ಹೊಲೀತೀಯ."

ಇಷ್ಬೆಲ್ ತಲೆ ತಗ್ಗಿಸಿ ಅವನ ಕೈ ಹಿಡಿದಳು. ಒರಟು ಕೈ, ಬೆಚ್ಚಗಿತ್ತು.

"ನಾಳೆ ಅಂಗಡಿ ಇಲ್ವಲ್ಲ," ಎಂದ. "ನನ್ನ ದೋಣೀಲಿ ಮಲ್ ದ್ವೀಪದವರೆಗೂ ಹೋಗ್ಬರೋಣ್ವಾ?"

"ಏನ್ ಹಾಕ್ಕೊಂಡು ಬರ್ಲಿ?"

"ಒದ್ದೆಯಾದ್ರೂ ನಿಂಗೆ ಬೇಜಾರಾಗದೆ ಇರೋದನ್ನ."

"ಅಂಥದ್ದು ನನ್ ಹತ್ರ ಒಂದೂ ಇಲ್ಲ," ಎಂದಳು ಅವಳು. "ಆದ್ರೂ ಬರ್ತೀನಿ."